ಗೋದಾಮಿನ ಲೆಕ್ಕ, ಹಾರ್ಡ್ ಡಿಸ್ಕಿನ ಲೆಕ್ಕ

ಕೇರಳದಲ್ಲಿ ಸಿಡಿಲಿಗೆ ಎರಡು ಕಾಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳು ಒಂದು. ತುಲಾ ಮಾಸದ ಮಳೆ ಬರುವ ಅಕ್ಟೋಬರ್, ನವೆಂಬರ್ ಇನ್ನೊಂದು. ಮಧ್ಯಾಹ್ನದ ತನಕ ಬಿಸಿಲು, ಮೂರು ಗಂಟೆಗೆ ಮೋಡ, ನಾಲ್ಕಕ್ಕೆ ಗುಡುಗು. ನೀವು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುತ್ತಿರುವಾಗಲೇ ಕರೆಂಟು ಹೋಗುತ್ತದೆ. ಯುಪಿಎಸ್ ಇದ್ದರೂ ಅದರ ಬ್ಯಾಟರಿಗೆ ವಯಸ್ಸಾಗಿದ್ದರೆ ಎರಡು ಸಲ ಕೀಂ ಎಂದು ಕೂಗಿ ಸುಮ್ಮನಾಗುತ್ತದೆ. ಮರುದಿನ ಕಂಪ್ಯೂಟರನ್ನು ಚಾಲೂ ಮಾಡಿದರೆ ಎಂದಿನ ಪರದೆ ಬರುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳ ಕೆಲವು ಸಾಲುಗಳು ಮೂಡಿ ಅಲ್ಲಿಗೇ ನಿಲ್ಲುತ್ತವೆ. ಇಲ್ಲವೇ ಎಲ್ಲವೂ ಸರಿಯಾಗಿದ್ದಂತೆ ಕಂಡರೂ, ಫೈಲನ್ನು ಉಳಿಸಲು ಹೋದಾಗ 'ರೀಡ್ ಓನ್ಲಿ', ಎಂದರೆ 'ಓದಲು ಮಾತ್ರ' ಎಂಬ ಉತ್ತರ ಬರುತ್ತದೆ.

ಆ ಕಂಪ್ಯೂಟರಿನಲ್ಲಿ ಏನಿತ್ತು ಎಂಬುದನ್ನು ಯೋಚಿಸಿ. ನಿಮ್ಮ ತರಗತಿಯವರು ಊರಿನ ಹಿರಿಯ ಯಕ್ಷಗಾನ ಕಲಾವಿದರೊಬ್ಬರನ್ನು ಮಾತನಾಡಿಸಿ ಎರಡು ಗಂಟೆ ಧ್ವನಿಮುದ್ರಣ ಮಾಡಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಅದರ ಪ್ರತಿ ಬೇರೆಲ್ಲಿಯೂ ಇಲ್ಲ. ಹಾರ್ಡ್ ಡಿಸ್ಕು ಹೋದರೆ ಅಂಗಡಿಯಿಂದ ಬೇರೆ ತರಬಹುದು. ಆ ಮಾತು ಮತ್ತೆ ಸಿಗುವ ಖಾತ್ರಿಯಿಲ್ಲ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ಕೆಲಸಗಳು ನಡೆಯುತ್ತವೆ. ಒಂದು, ಗುಂಡಿ ಒತ್ತಿ ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದು. ಎರಡು, ಬಲ್ಲವರೆನಿಸಿಕೊಂಡ ಯಾರಾದರೂ ಬಂದು ಪರದೆ ಕೇಳುವ ಪ್ರತಿಯೊಂದು ಪ್ರಶ್ನೆಗೂ 'ವೈ', ಅಂದರೆ ಹೌದು ಎಂದು ಒತ್ತುತ್ತಾ ಹೋಗುವುದು. ಅನೇಕ ಸಲ ಇಷ್ಟರಿಂದಲೇ ಕಂಪ್ಯೂಟರ್ ಸರಿಯಾಗುತ್ತದೆ, ಅದು ಸುಳ್ಳಲ್ಲ. ಆಗದೆ ಹೋದಾಗ ಮಾತ್ರ, ಉಳಿಯಬಹುದಾಗಿದ್ದ ಫೈಲುಗಳೂ ಕೈಬಿಟ್ಟು ಹೋಗುತ್ತವೆ. ಮದ್ದಿಗೆ ಮೊದಲು ರೋಗ ಯಾವುದೆಂದು ತಿಳಿಯಬೇಕು. ಹಾಗೆ ತಿಳಿಯುವುದು ಹೇಗೆ ಎಂಬುದನ್ನು ಈಗ ನೋಡೋಣ.

ನಮ್ಮ ಕಡೆ ಅಡಿಕೆ ಬೆಳೆಯುವವರಿಗೆ ಗೋದಾಮು ಹೊಸತಲ್ಲ. ಒಂದು ದೊಡ್ಡ ಗೋದಾಮನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಅದರ ನೆಲವನ್ನು ಸುಣ್ಣದ ಗೆರೆ ಎಳೆದು ಸಮನಾದ ಅಂಕಣಗಳಾಗಿ ವಿಂಗಡಿಸಿದ್ದಾರೆ. ಒಂದು ಅಂಕಣದಲ್ಲಿ ಒಂದೇ ಗೋಣಿ. ಪ್ರತಿಯೊಂದು ಅಂಕಣಕ್ಕೂ ಒಂದು ಸಂಖ್ಯೆ. ಒಬ್ಬ ರೈತ ತಂದ ಅಡಿಕೆ 12, 13 ಮತ್ತು 418ನೆಯ ಅಂಕಣಗಳಲ್ಲಿ ಇರಬಹುದು. ಎಲ್ಲಿ ಜಾಗ ಖಾಲಿಯಿತ್ತೋ ಅಲ್ಲಿ ಇಟ್ಟಿದ್ದಾರೆ. ಗೋಣಿಯ ಮೇಲೆ ಹೆಸರಿಲ್ಲ. ಹಾಗಾಗಿ ಎಲ್ಲವೂ ಲೆಕ್ಕದ ಪುಸ್ತಕಗಳ ಮೇಲೆ ನಿಂತಿದೆ.

ಆ ಗೋದಾಮಿನ ಗುಮಾಸ್ತರು ನಾಲ್ಕು ಬಗೆಯ ದಾಖಲೆಗಳನ್ನು ಇಡುತ್ತಾರೆ. ಮೊದಲನೆಯದು ಕಾರ್ಡು. ಸರಕು ಎಷ್ಟು, ಬಂದ ದಿನಾಂಕ ಯಾವುದು, ಯಾವ ಯಾವ ಅಂಕಣಗಳಲ್ಲಿ ಇದೆ ಎಂದು ಅದರಲ್ಲಿ ಬರೆದಿರುತ್ತದೆ. ವಿಚಿತ್ರವೆಂದರೆ ಕಾರ್ಡಿನಲ್ಲಿ ಸರಕಿನ ಹೆಸರಿಲ್ಲ, ಕಾರ್ಡಿನ ಸಂಖ್ಯೆ ಮಾತ್ರ ಇದೆ. ಎರಡನೆಯದು ಹೆಸರಿನ ಪಟ್ಟಿ. ಇಂಥ ಹೆಸರಿಗೆ ಇಂತಿಷ್ಟನೆಯ ಕಾರ್ಡು ಎಂದು ಅದರಲ್ಲಿದೆ. ಮೂರನೆಯದು ಯಾವ ಅಂಕಣ ಖಾಲಿ, ಯಾವುದು ಭರ್ತಿ ಎಂದು ಗುರುತು ಹಾಕಿದ ನಕ್ಷೆ. ನಾಲ್ಕನೆಯದು ಬಾಗಿಲ ಬಳಿಯ ಫಲಕ. ಒಟ್ಟು ಅಂಕಣಗಳೆಷ್ಟು, ಖಾಲಿ ಎಷ್ಟು, ಪುಸ್ತಕಗಳನ್ನು ಎಲ್ಲಿ ಇಟ್ಟಿದೆ ಎಂಬುದೆಲ್ಲ ಅದರ ಮೇಲಿದೆ.

ಹಾರ್ಡ್ ಡಿಸ್ಕಿನ ಒಳಗಿನ ಏರ್ಪಾಡು ಬಹುಮಟ್ಟಿಗೆ ಹೀಗೆಯೇ ಇದೆ. ಅಂಕಣಕ್ಕೆ ಬ್ಲಾಕ್ ಎಂದು ಹೆಸರು. ಒಂದು ಬ್ಲಾಕಿನಲ್ಲಿ ಸಾಮಾನ್ಯವಾಗಿ 4096 ಬೈಟುಗಳು. ಕಾರ್ಡಿಗೆ ಐನೋಡ್ ಎನ್ನುತ್ತಾರೆ. ಹೆಸರಿನ ಪಟ್ಟಿಯೇ ನೀವು ದಿನವೂ ತೆರೆಯುವ ಫೋಲ್ಡರ್. ಫೋಲ್ಡರ್ ಎಂದರೆ ಫೈಲುಗಳನ್ನು ತುಂಬಿಟ್ಟ ಪೆಟ್ಟಿಗೆ ಎಂದು ನೀವು ತಿಳಿದಿದ್ದರೆ ಅದನ್ನು ತಿದ್ದಿಕೊಳ್ಳಿ. ಅದು ಹೆಸರು ಮತ್ತು ಸಂಖ್ಯೆಗಳ ಒಂದು ಪಟ್ಟಿ, ಅಷ್ಟೇ. ಖಾಲಿ, ಭರ್ತಿ ತೋರಿಸುವ ನಕ್ಷೆ ಬಿಟ್ ಮ್ಯಾಪ್. ಬಾಗಿಲ ಫಲಕ ಸೂಪರ್ ಬ್ಲಾಕ್. ಈ ಎಲ್ಲವೂ ಸೇರಿದ ಲೆಕ್ಕದ ಏರ್ಪಾಡನ್ನು ಫೈಲ್ ವ್ಯವಸ್ಥೆ ಎನ್ನುತ್ತಾರೆ. ಇದರ ಮೂಲ ರೂಪ 1969ರಿಂದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಕಟ್ಟಿದ ಯುನಿಕ್ಸ್‌ನಿಂದ ಬಂದುದು. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಬಂದು, ಈಗ ಕೈಟ್ ಸಂಸ್ಥೆ ಒದಗಿಸುತ್ತಿರುವ ಗ್ನೂ ಲಿನಕ್ಸ್ ಇದೇ ಮನೆತನಕ್ಕೆ ಸೇರಿದ್ದು. ಅದು ಬಳಸುವ ಫೈಲ್ ವ್ಯವಸ್ಥೆಯ ಹೆಸರು ಎಕ್ಸ್ಟ್4.

ಈಗ ಒಂದು ಪುಟ್ಟ ಫೈಲನ್ನು ಉಳಿಸಿದಾಗ ಏನೇನು ಆಗಬೇಕೆಂದು ಲೆಕ್ಕ ಹಾಕಿ. ಗೋಣಿಯನ್ನು ಅಂಕಣದಲ್ಲಿ ಇಡಬೇಕು. ನಕ್ಷೆಯಲ್ಲಿ ಆ ಅಂಕಣಕ್ಕೆ ಭರ್ತಿ ಎಂಬ ಗುರುತು ಬೀಳಬೇಕು. ಹೊಸ ಕಾರ್ಡು ಬರೆಯಬೇಕು. ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಫಲಕದ ಮೇಲೆ ಖಾಲಿ ಅಂಕಣಗಳ ಸಂಖ್ಯೆಯನ್ನು ತಿದ್ದಬೇಕು. ಇವು ಡಿಸ್ಕಿನ ಬೇರೆ ಬೇರೆ ಜಾಗಗಳಲ್ಲಿವೆ. ಒಂದೇ ಏಟಿಗೆ ಎಲ್ಲವನ್ನೂ ಬರೆಯಲು ಆಗುವುದಿಲ್ಲ. ಇದರ ಮೇಲೆ, ಕಂಪ್ಯೂಟರು ಪ್ರತಿಯೊಂದು ಬರವಣಿಗೆಯನ್ನೂ ಒಡನೆಯೇ ಡಿಸ್ಕಿಗೆ ಕಳುಹಿಸುವುದೂ ಇಲ್ಲ. ವೇಗಕ್ಕಾಗಿ ಅರ್ಧ ನಿಮಿಷದಷ್ಟು ಹೊತ್ತು ಅದನ್ನು ತನ್ನ ನೆನಪಿನಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಇಟ್ಟುಕೊಂಡಿರುತ್ತದೆ. ಪೆನ್ ಡ್ರೈವನ್ನು ಹಾಗೆಯೇ ಎಳೆಯಬಾರದು, 'ಸುರಕ್ಷಿತವಾಗಿ ಹೊರತೆಗೆ' ಎಂದು ಹೇಳಿಯೇ ತೆಗೆಯಬೇಕು ಎಂದು ಅಧ್ಯಾಪಕರು ಹೇಳುವುದು ಇದಕ್ಕೇ.

ಗುಮಾಸ್ತರು ಎರಡು ಪುಸ್ತಕಗಳಲ್ಲಿ ಬರೆದು ಮೂರನೆಯದಕ್ಕೆ ಕೈ ಹಾಕುವಾಗ ದೀಪ ಆರಿತು ಎನ್ನಿ. ಮರುದಿನ ಪುಸ್ತಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾರ್ಡಿದೆ, ಪಟ್ಟಿಯಲ್ಲಿ ಹೆಸರಿಲ್ಲ. ಅಥವಾ ಹೆಸರಿದೆ, ಕಾರ್ಡಿಲ್ಲ. ಕಾರ್ಡು 418ನೆಯ ಅಂಕಣ ತನ್ನದೆನ್ನುತ್ತದೆ, ನಕ್ಷೆ ಅದು ಖಾಲಿ ಎನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮುಂದಿನದು: ನಕ್ಷೆಯ ಮಾತನ್ನು ನಂಬಿ 418ರಲ್ಲಿ ಇನ್ನೊಬ್ಬರ ಗೋಣಿಯನ್ನು ಇಟ್ಟುಬಿಟ್ಟರೆ, ಎರಡು ಕಾರ್ಡುಗಳು ಒಂದೇ ಅಂಕಣವನ್ನು ತಮ್ಮದೆಂದು ಹೇಳತೊಡಗುತ್ತವೆ. ಲೆಕ್ಕದಲ್ಲಿ ಇಂಥ ಎಡವಟ್ಟು ಕಂಡಕೂಡಲೇ ಲಿನಕ್ಸ್ ಬರವಣಿಗೆಯನ್ನು ನಿಲ್ಲಿಸಿ, ಇನ್ನು ಓದಲು ಮಾತ್ರ ಎನ್ನುವಂತೆ ಅದನ್ನು ಹೊಂದಿಸಿರುತ್ತಾರೆ. ಆ 'ರೀಡ್ ಓನ್ಲಿ' ಎಂಬ ಮಾತು ತೊಂದರೆಯಲ್ಲ, ಉಪಕಾರ. ತಪ್ಪಿದ ಲೆಕ್ಕದ ಮೇಲೆ ಇನ್ನಷ್ಟು ಬರೆದು ಕೆಡಿಸಬೇಡಿ ಎಂದು ಗುಮಾಸ್ತರು ಲೇಖನಿಯನ್ನು ಕೆಳಗಿಟ್ಟಿದ್ದಾರೆ. ಆಗ ಮತ್ತೆ ಮತ್ತೆ ಚಾಲೂ ಮಾಡುವುದೆಂದರೆ ಅವರ ಕೈಗೆ ಬಲವಂತವಾಗಿ ಲೇಖನಿ ಕೊಟ್ಟಂತೆ.

ಹಳೆಯ ಕಾಲದ ವ್ಯಾಪಾರಿಗಳು ಇದಕ್ಕೊಂದು ಉಪಾಯ ಬಲ್ಲವರಾಗಿದ್ದರು. ಮುಖ್ಯ ಖಾತೆಗೆ ಏರಿಸುವ ಮೊದಲು ದಿನವಹಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮಧ್ಯದಲ್ಲಿ ಕೆಲಸ ನಿಂತರೆ ದಿನವಹಿಯನ್ನು ನೋಡಿ ಉಳಿದುದನ್ನು ಪೂರ್ಣ ಮಾಡಬಹುದು. ಫೈಲ್ ವ್ಯವಸ್ಥೆಯಲ್ಲಿ ಇದಕ್ಕೆ ಜರ್ನಲ್ ಎಂದು ಹೆಸರು. ರೆಮಿ ಕಾರ್ಡ್ ಎಂಬವರು 1993ರಲ್ಲಿ ರೂಪಿಸಿದ ಎಕ್ಸ್ಟ್2ರಲ್ಲಿ ಅದು ಇರಲಿಲ್ಲ. ಸ್ಟೀಫನ್ ಟ್ವೀಡಿಯವರ ಕೆಲಸದಿಂದ ಬಂದ ಎಕ್ಸ್ಟ್3 2001ರಲ್ಲಿ ಲಿನಕ್ಸ್‌ನ ಭಾಗವಾದಾಗ ದಿನವಹಿಯೂ ಬಂದಿತು. 2008ರ ಕೊನೆಗೆ ಸಿದ್ಧವಾದ ಎಕ್ಸ್ಟ್4 ಇದನ್ನೇ ಮುಂದುವರಿಸಿತು. ಕರೆಂಟು ಹೋಗಿ ಬಂದ ಮೇಲೆ ಪರದೆಯ ಮೇಲೆ ಜರ್ನಲನ್ನು ಓದಿ ಸರಿಪಡಿಸಲಾಗುತ್ತಿದೆ ಎಂಬ ಅರ್ಥದ ಒಂದು ಸಾಲು ಬಂದು, ಕೆಲವೇ ಕ್ಷಣಗಳಲ್ಲಿ ಎಲ್ಲವೂ ಮಾಮೂಲಿಯಾದರೆ ನಡೆದದ್ದು ಇದೇ.

ಇದರಿಂದ ನಮಗೆ ಒಂದು ಮುಖ್ಯ ಸುಳಿವು ಸಿಗುತ್ತದೆ. ದಿನವಹಿ ಇದ್ದೂ ಲೆಕ್ಕ ತಪ್ಪಿದೆ ಎಂದಾದರೆ, 'ನಿನ್ನೆ ಕರೆಂಟು ಹೋಯಿತಲ್ಲ' ಎಂಬ ವಿವರಣೆ ಸಾಲದು. ಕರೆಂಟು ಹೋದಾಗಲೂ ಲೆಕ್ಕ ಉಳಿಯಬೇಕು ಎಂದೇ ದಿನವಹಿಯನ್ನು ಇಟ್ಟಿರುವುದು. ಹಾಗಿದ್ದರೆ ಬೇರೆ ಏನೋ ಕೆಟ್ಟಿದೆ. ಡಿಸ್ಕಿನ ಮೇಲ್ಮೈ ಹಾಳಾಗಿರಬಹುದು. ಡಿಸ್ಕನ್ನು ಮದರ್ ಬೋರ್ಡಿಗೆ ಜೋಡಿಸುವ ಕೇಬಲ್ ಸಡಿಲವಾಗಿರಬಹುದು. ರ‍್ಯಾಮ್ ತಪ್ಪು ಹೇಳುತ್ತಿರಬಹುದು. ಬರೆದಿದ್ದೇನೆ ಎಂದು ಡಿಸ್ಕು ಹೇಳಿದ್ದರೂ ನಿಜವಾಗಿ ಬರೆಯದೆ ಇದ್ದಿರಬಹುದು. ಗುಮಾಸ್ತರು ಸರಿಯಾಗಿಯೇ ಬರೆದಿದ್ದಾರೆ, ಪುಸ್ತಕದ ಹಾಳೆಗೆ ಗೆದ್ದಲು ಹಿಡಿದಿದೆ. ಹೀಗಿರುವಾಗ ಲೆಕ್ಕವನ್ನು ತಿದ್ದುತ್ತಾ ಕುಳಿತರೆ ಗೆದ್ದಲು ಹಿಡಿದ ಹಾಳೆಯ ಮೇಲೆಯೇ ಹೊಸದಾಗಿ ಬರೆದಂತಾಗುತ್ತದೆ.

ಆದುದರಿಂದ ಮೊದಲು ಮಾಡಬೇಕಾದ ಕೆಲಸ ಕಂಪ್ಯೂಟರ್ ತಾನಾಗಿ ಹೇಳುತ್ತಿರುವುದನ್ನು ಓದುವುದು. ಲಿನಕ್ಸ್ ತನಗೆ ಎದುರಾದ ತೊಂದರೆಗಳನ್ನೆಲ್ಲ ಒಂದು ದಾಖಲೆಯಲ್ಲಿ ಬರೆದಿಡುತ್ತದೆ. ಡಿಮೆಸೇಜ್ ಎಂದು ಕರೆಯುವ ಆಜ್ಞೆ ಅದನ್ನು ತೋರಿಸುತ್ತದೆ. ಅದರಲ್ಲಿ ಎರಡು ಬಗೆಯ ದೂರುಗಳನ್ನು ಬೇರ್ಪಡಿಸಿ ನೋಡಬೇಕು. 'ಐ/ಓ ಎರರ್' ಎಂದಿದ್ದರೆ ಆ ಜಾಗವನ್ನು ಓದಲು ಅಥವಾ ಬರೆಯಲು ಆಗಲಿಲ್ಲ, ಗೋದಾಮಿನ ನೆಲವೇ ಕುಸಿದಿದೆ ಎಂದು ಅರ್ಥ. 'ಎಕ್ಸ್ಟ್4 ಎರರ್' ಎಂದು ಮಾತ್ರ ಇದ್ದರೆ ಓದಲು ಆಯಿತು, ಆದರೆ ಓದಿದ ಲೆಕ್ಕ ಸರಿಯಿಲ್ಲ ಎಂದು ಅರ್ಥ. ಪರದೆಯ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. 'ಏನೋ ಇಂಗ್ಲಿಷಿನಲ್ಲಿ ಬಂದಿತ್ತು, ಸಾರ್' ಎಂದರೆ ಎಸ್‌ಐಟಿಸಿ ಅಧ್ಯಾಪಕರು ಏನು ಮಾಡಿಯಾರು?

ಎರಡನೆಯ ಸಾಕ್ಷಿ ಡಿಸ್ಕಿನ ಒಳಗೇ ಇದೆ. ಇಂದಿನ ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಡುತ್ತವೆ. ಅದಕ್ಕೆ ಸ್ಮಾರ್ಟ್ ದಾಖಲೆ ಎಂದು ಹೆಸರು. ಡಿಸ್ಕ್ಸ್ ಎಂಬ ತಂತ್ರಾಂಶದಲ್ಲಿ ಅದನ್ನು ತೆರೆದು ನೋಡಬಹುದು. ಅದರಲ್ಲಿ ಹತ್ತಾರು ಸಾಲುಗಳಿದ್ದರೂ ಮೂರು ಸಾಲುಗಳ ಮೇಲೆ ಕಣ್ಣಿಟ್ಟರೆ ಸಾಕು. 5ನೆಯ ಸಂಖ್ಯೆಯ ಸಾಲು, ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ಭಾಗಗಳೆಷ್ಟು ಎಂಬುದನ್ನು ಹೇಳುತ್ತದೆ. 197ನೆಯದು, ಓದಲು ಆಗದೆ ಇನ್ನೂ ತೀರ್ಮಾನಕ್ಕೆ ಕಾದಿರುವ ಭಾಗಗಳೆಷ್ಟು ಎಂಬುದನ್ನು. ಇವೆರಡೂ ಸೊನ್ನೆಯಾಗಿದ್ದರೆ ಸಮಾಧಾನ. ಸೊನ್ನೆಯಲ್ಲದೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಕಾಲ ಮುಗಿಯುತ್ತಾ ಬಂದಿದೆ. 199ನೆಯದು ಸ್ವಾರಸ್ಯಕರ. ಅದು ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಎಣಿಕೆ. ಇದೊಂದೇ ಏರುತ್ತಿದ್ದರೆ ತಪ್ಪು ಬಹುಶಃ ಡಿಸ್ಕಿನದ್ದಲ್ಲ, ಕೇಬಲಿನದ್ದು. ಸಾವಿರಾರು ರೂಪಾಯಿಯ ಡಿಸ್ಕನ್ನು ಬಿಸಾಡುವ ಮೊದಲು ಕೇಬಲನ್ನು ಬದಲಿಸಿ ನೋಡಬೇಕೆಂದು ಈ ಒಂದು ಸಾಲು ಹೇಳುತ್ತದೆ. ಒಂದು ಎಚ್ಚರಿಕೆಯೂ ಬೇಕು: ಈ ಮೂರು ಸಾಲುಗಳು ಹೆಚ್ಚಾಗಿ ತಿರುಗುವ ತಟ್ಟೆಗಳಿರುವ ಡಿಸ್ಕುಗಳ ಮಾತು. ಈಚಿನ ಎಸ್‌ಎಸ್‌ಡಿಗಳು ಹೆಚ್ಚು ಸೂಚನೆ ಕೊಡದೆ ಒಮ್ಮೆಗೇ ನಿಂತುಬಿಡುವುದುಂಟು.

ಡಿಸ್ಕು ನಿಜಕ್ಕೂ ಕೆಡುತ್ತಿದೆ ಎಂದು ತಿಳಿದರೆ ಲೆಕ್ಕ ತಿದ್ದುವ ಮಾತನ್ನೇ ಎತ್ತಬಾರದು. ಮೊದಲು ಇಡೀ ಡಿಸ್ಕಿನ ನಕಲನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. 2004ರಲ್ಲಿ ಆಂಟೋನಿಯೊ ಡಿಯಾಸ್ ಡಿಯಾಸ್ ಎಂಬವರು ಆರಂಭಿಸಿದ ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಇದಕ್ಕಾಗಿಯೇ ಇದೆ. ಅದರ ಜಾಣತನ ಸರಳವಾದುದು. ಬೆಂಕಿ ಬಿದ್ದ ಮನೆಯಿಂದ ಸಾಮಾನು ಹೊರಗೆ ತರುವವರು ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ಮೊದಲು ತರುತ್ತಾರಲ್ಲ, ಹಾಗೆ ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ನಕಲು ಮಾಡುತ್ತದೆ. ಓದಲು ಕಷ್ಟವಾದ ಜಾಗ ಬಂದರೆ ಅಲ್ಲಿ ಹಟ ಹಿಡಿದು ಕೂರದೆ, ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಕೊನೆಯಲ್ಲಿ ಮರಳಿ ಬಂದು ಮತ್ತೆ ಪ್ರಯತ್ನಿಸುತ್ತದೆ. ಮುಂದಿನ ಪರೀಕ್ಷೆಗಳೆಲ್ಲ ಆ ನಕಲಿನ ಮೇಲೆಯೇ ನಡೆಯಲಿ. ಯಕ್ಷಗಾನ ಕಲಾವಿದರ ಧ್ವನಿ ಇರುವ ಮೂಲ ಡಿಸ್ಕನ್ನು ತೆಗೆದು ಪಕ್ಕಕ್ಕಿಡಿ.

ಡಿಸ್ಕೂ ಕೇಬಲೂ ಸರಿಯಿದ್ದರೆ ರ‍್ಯಾಮನ್ನು ಸಂಶಯಿಸಬೇಕು. ಅದನ್ನು ರಾತ್ರಿಯಿಡೀ ಪರೀಕ್ಷಿಸುವ ಮೆಮ್‌ಟೆಸ್ಟ್ ಎಂಬ ತಂತ್ರಾಂಶವಿದೆ. ಆದರೆ ಲೆಕ್ಕದ ತಪ್ಪಿನಲ್ಲಿಯೇ ಕೆಲವೊಮ್ಮೆ ರ‍್ಯಾಮಿನ ಬೆರಳಚ್ಚು ಸಿಗುತ್ತದೆ. ಒಂದು ಕಾರ್ಡಿನಲ್ಲಿ 1,50,000 ಎಂದಿರಬೇಕಾದ ಅಂಕಣದ ಸಂಖ್ಯೆ 2,15,536 ಎಂದಾಗಿದೆ ಎನ್ನಿ. ಎರಡರ ನಡುವಿನ ವ್ಯತ್ಯಾಸ 65,536. ಗಣಿತದ ತರಗತಿಯಲ್ಲಿ ಘಾತಗಳನ್ನು ಕಲಿತವರಿಗೆ ಈ ಸಂಖ್ಯೆ ಪರಿಚಿತ: ಎರಡರ ಹದಿನಾರನೆಯ ಘಾತ. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ ಮತ್ತು ಒಂದರಲ್ಲಿ ಬರೆಯುವುದರಿಂದ, ಒಂದೇ ಒಂದು ಸೊನ್ನೆ ಒಂದಾಗಿ ಮಗುಚಿದರೆ ಸಂಖ್ಯೆ ಹೀಗೆ ಎರಡರ ಘಾತದಷ್ಟು ಹೆಚ್ಚುತ್ತದೆ. ಇಂಥ ತಪ್ಪು ಕಂಡರೆ ಮೊದಲ ಸಂಶಯ ರ‍್ಯಾಮಿನ ಮೇಲೆ.

ದುರಸ್ತಿಗೆ ಮೊದಲು ಕಾರಣ ಹುಡುಕುವುದು ಶಾಲೆಯ ಕಂಪ್ಯೂಟರಿಗಷ್ಟೇ ಹೇಳಿದ ಕ್ರಮವಲ್ಲ. ಕೈಗೆ ಎಟುಕದ ಕಡೆ ಇರುವ ಕಂಪ್ಯೂಟರಿನ ವಿಷಯದಲ್ಲಿ ಅದು ಹೇಗೆ ನಡೆಯಿತೆಂಬುದಕ್ಕೆ ಒಂದು ನಿಜ ಸಂಗತಿಯಿದೆ. 2004ರ ಜನವರಿ 4ರಂದು ನಾಸಾದ ಸ್ಪಿರಿಟ್ ಎಂಬ ಆರು ಗಾಲಿಗಳ ಯಂತ್ರ ಮಂಗಳ ಗ್ರಹದ ಗುಸೆವ್ ಕುಳಿಯಲ್ಲಿ ಇಳಿಯಿತು. ಅಲ್ಲಿ ಅದರ ಹದಿನೆಂಟನೆಯ ದಿನ, ಜನವರಿ 21ರಂದು, ಸಂಪರ್ಕ ಕಡಿಯಿತು. ಆ ಹೊತ್ತಿಗೆ ಆಸ್ಟ್ರೇಲಿಯದ ಕ್ಯಾನ್ಬೆರಾ ಕೇಂದ್ರದಿಂದ ಸಂದೇಶಗಳನ್ನು ಕಳುಹಿಸುತ್ತಿದ್ದರು, ಅಲ್ಲಿ ಗುಡುಗು ಮಳೆ ಬರುತ್ತಿತ್ತು. ಆದುದರಿಂದ ಮೊದಲು ಎಲ್ಲರೂ ಮಳೆಯನ್ನೇ ದೂರಿದರು. ಮಳೆ ನಿಂತಿತು, ಸ್ಪಿರಿಟ್ ಮಾತನಾಡಲಿಲ್ಲ. ಮುಂದೆ ಸೆಕೆಂಡಿಗೆ 10 ಬಿಟ್‌ಗಳಷ್ಟು ನಿಧಾನವಾಗಿ ಬಂದ ಅಲ್ಪಸ್ವಲ್ಪ ಮಾಹಿತಿಯಿಂದ, ಅದು ತನ್ನನ್ನು ತಾನೇ ಮತ್ತೆ ಮತ್ತೆ ಚಾಲೂ ಮಾಡಿಕೊಳ್ಳುತ್ತಿದೆ ಎಂದು ತಿಳಿಯಿತು. 60ಕ್ಕೂ ಹೆಚ್ಚು ಸಲ ಹೀಗಾಗಿತ್ತು. ರಾತ್ರಿ ಮಲಗಬೇಕಾದ ಯಂತ್ರ ಎಚ್ಚರವಾಗಿಯೇ ಇದ್ದು ಬ್ಯಾಟರಿ ಖಾಲಿಯಾಗುತ್ತಿತ್ತು.

ಪ್ರತಿ ಸಲವೂ ಅದು ಬೀಳುತ್ತಿದ್ದುದು ಒಂದೇ ಹಂತದಲ್ಲಿ, ಫ್ಲಾಶ್ ನೆನಪಿನ ಫೈಲ್ ವ್ಯವಸ್ಥೆಯನ್ನು ತೆರೆಯುವಾಗ ಎಂದು ತಂತ್ರಜ್ಞರು ಊಹಿಸಿದರು. ಊಹೆ ಸರಿಯೇ ಎಂದು ನೋಡಲು, ಫ್ಲಾಶನ್ನು ಮುಟ್ಟದೆಯೇ ಚಾಲೂ ಆಗು ಎಂಬ ಆಜ್ಞೆಯನ್ನು ಕಳುಹಿಸಿದರು. ಸ್ಪಿರಿಟ್ ಶಾಂತವಾಯಿತು. ಆದರೂ ಫ್ಲಾಶನ್ನು ಒಡನೆಯೇ ಅಳಿಸಿಹಾಕಲಿಲ್ಲ. ನೋಡಿದರೆ ಫ್ಲಾಶ್ ಚಿಪ್ಪು ಕೆಟ್ಟಿರಲಿಲ್ಲ. ಭೂಮಿಯಿಂದ ಹೊರಟ ಏಳು ತಿಂಗಳಲ್ಲಿ ಮತ್ತು ಮಂಗಳದ ಮೊದಲ ದಿನಗಳಲ್ಲಿ ಸಾವಿರಾರು ಫೈಲುಗಳು ಸೇರಿಕೊಂಡಿದ್ದವು. ಅವುಗಳ ಹೆಸರಿನ ಪಟ್ಟಿಯನ್ನು ಬಿಡಿಸಿಡಲು ರ‍್ಯಾಮ್‌ನಲ್ಲಿ ಕೊಟ್ಟಿದ್ದ ಜಾಗ ಸಾಲುತ್ತಿರಲಿಲ್ಲ. ಫೈಲನ್ನು ಅಳಿಸಿದರೂ ಪಟ್ಟಿಯ ಉದ್ದ ಕಡಿಮೆಯಾಗದಂತೆ ಆ ವ್ಯವಸ್ಥೆ ಇತ್ತು. ಜಾಗ ಸಾಲದೆ ತಂತ್ರಾಂಶ ಬೀಳುತ್ತಿತ್ತು, ಬಿದ್ದುದರಿಂದ ಮತ್ತೆ ಚಾಲೂ ಆಗುತ್ತಿತ್ತು, ಚಾಲೂ ಆದೊಡನೆ ಅದೇ ಪಟ್ಟಿಯನ್ನು ತೆರೆಯುತ್ತಿತ್ತು. ನಮ್ಮ ಗೋದಾಮಿನ ಮಾತಿನಲ್ಲಿ ಹೇಳುವುದಾದರೆ, ಗೋಣಿಗಳು ಚೆನ್ನಾಗಿದ್ದವು. ಪುಸ್ತಕ ಬಿಡಿಸಿಡುವ ಮೇಜು ಚಿಕ್ಕದಾಗಿತ್ತು. ಬೇಡದ ಫೈಲುಗಳನ್ನು ತೆಗೆದು, ಮುಖ್ಯ ಮಾಹಿತಿಯನ್ನು ಭೂಮಿಗೆ ತರಿಸಿಕೊಂಡು, ಫೆಬ್ರವರಿ ಮೊದಲ ವಾರದಲ್ಲಿ ಫ್ಲಾಶನ್ನು ಹೊಸದಾಗಿ ಸಿದ್ಧಗೊಳಿಸಿದರು. 90 ದಿನಗಳಿಗೆಂದು ಕಳುಹಿಸಿದ ಸ್ಪಿರಿಟ್ 2010ರ ಮಾರ್ಚ್ ತನಕ ಮಾತನಾಡುತ್ತಿತ್ತು.

ಈಗ ಲೆಕ್ಕ ಪರೀಕ್ಷೆಗೆ ಬರೋಣ. ಯುನಿಕ್ಸ್‌ನ ಮೊದಲ ವರ್ಷಗಳಲ್ಲಿ ಲೆಕ್ಕ ತಪ್ಪಿದರೆ ಸಣ್ಣ ಪುಟ್ಟ ಉಪಕರಣಗಳಿಂದ ತಪ್ಪು ಕಂಡುಹಿಡಿದು, ಬಹುಮಟ್ಟಿಗೆ ಕೈಯಿಂದಲೇ ತಿದ್ದಬೇಕಿತ್ತು. 1970ರ ದಶಕದ ಕೊನೆಯಲ್ಲಿ ಬೆಲ್ ಪ್ರಯೋಗಾಲಯದ ಟೆಡ್ ಕೊವಾಲ್ಸ್‌ಕಿ ಇಡೀ ಪರೀಕ್ಷೆಯನ್ನು ಒಂದೇ ತಂತ್ರಾಂಶವಾಗಿ ಬರೆದರು. 'ಫೈಲ್ ಸಿಸ್ಟಮ್ ಚೆಕ್' ಎಂಬುದನ್ನು ಮೊಟಕುಗೊಳಿಸಿ ಅದಕ್ಕೆ ಎಫ್‌ಎಸ್‌ಸಿಕೆ ಎಂದು ಹೆಸರಿಟ್ಟರು. ಅದೇ ಹೆಸರಿನ ಇಂದಿನ ತಂತ್ರಾಂಶ ಎಕ್ಸ್ಟ್4ನ್ನು ಐದು ಸುತ್ತುಗಳಲ್ಲಿ ಪರೀಕ್ಷಿಸುತ್ತದೆ. ಮೊದಲ ಸುತ್ತು ಕಾರ್ಡುಗಳದ್ದು. ಪ್ರತಿಯೊಂದು ಕಾರ್ಡನ್ನೂ ತೆಗೆದು ಅದರಲ್ಲಿರುವ ಅಂಕಣಗಳನ್ನು ಗುರುತಿಸಿಕೊಳ್ಳುತ್ತಾ ಹೋಗುತ್ತದೆ, ಒಂದೇ ಅಂಕಣಕ್ಕೆ ಇಬ್ಬರು ಒಡೆಯರಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಎರಡನೆಯದು ಹೆಸರಿನ ಪಟ್ಟಿಗಳದ್ದು. ಮೂರನೆಯದರಲ್ಲಿ ಪ್ರತಿಯೊಂದು ಫೋಲ್ಡರಿನಿಂದಲೂ ಮೇಲಕ್ಕೆ ಹತ್ತುತ್ತಾ ಹೋದರೆ ಬೇರಿನ ಫೋಲ್ಡರ್ ಸಿಗುತ್ತದೆಯೇ ಎಂದು ನೋಡುತ್ತದೆ. ನಾಲ್ಕನೆಯದರಲ್ಲಿ ಒಂದು ಕಾರ್ಡನ್ನು ಎಷ್ಟು ಹೆಸರುಗಳು ಸೂಚಿಸುತ್ತವೆ ಎಂದು ಎಣಿಸುತ್ತದೆ. ಕೊನೆಗೆ ನಕ್ಷೆ ಮತ್ತು ಫಲಕ. ಗಮನಿಸಿ, ನಕ್ಷೆಯನ್ನು ನಂಬಿ ಕಾರ್ಡನ್ನು ತಿದ್ದುವುದಿಲ್ಲ, ಕಾರ್ಡುಗಳಿಂದ ನಕ್ಷೆಯನ್ನು ಹೊಸದಾಗಿ ಬರೆಯುತ್ತದೆ.

ಈ ಪರೀಕ್ಷೆಯನ್ನು ಡಿಸ್ಕಿನ ಆ ಭಾಗ ಬಳಕೆಯಲ್ಲಿಲ್ಲದಾಗ ಮಾತ್ರ ಮಾಡಬೇಕು. ಗುಮಾಸ್ತರು ಬರೆಯುತ್ತಿರುವ ಪುಸ್ತಕವನ್ನು ಅವರ ಹೆಗಲ ಮೇಲಿಂದ ಪರೀಕ್ಷಿಸಿದರೆ ಇಲ್ಲದ ತಪ್ಪುಗಳೂ ಕಾಣುತ್ತವೆ. ಆದುದರಿಂದ ಪೆನ್ ಡ್ರೈವಿನಲ್ಲಿರುವ ಲಿನಕ್ಸ್‌ನಿಂದ ಕಂಪ್ಯೂಟರನ್ನು ಚಾಲೂ ಮಾಡಿ ಅಲ್ಲಿಂದ ಪರೀಕ್ಷಿಸುತ್ತಾರೆ. ಮೊದಲ ಸಲ 'ಎನ್' ಎಂಬ ಸೂಚನೆಯೊಂದಿಗೆ ನಡೆಸಬೇಕು. ಆಗ ಅದು ಎಲ್ಲ ಪ್ರಶ್ನೆಗಳಿಗೂ ತಾನೇ 'ಬೇಡ' ಎಂದು ಉತ್ತರಿಸಿಕೊಂಡು, ಏನನ್ನೂ ಬರೆಯದೆ, ತಪ್ಪುಗಳ ಪಟ್ಟಿಯನ್ನು ಮಾತ್ರ ಕೊಡುತ್ತದೆ. ಏನನ್ನೂ ಬರೆಯದ ಕಾರಣ ದಿನವಹಿಯನ್ನೂ ಖಾತೆಗೆ ಏರಿಸಿರುವುದಿಲ್ಲ. ಕರೆಂಟು ಹೋದ ಮೇಲಿನ ಪಟ್ಟಿಯಲ್ಲಿ ಕೆಲವು ತಪ್ಪುಗಳು ಅಷ್ಟರಿಂದಲೇ ಕಾಣಿಸಿಕೊಂಡಿರಬಹುದು. ನಕಲು ಇದ್ದರೆ ಆ ನಕಲಿನಲ್ಲಿ ದಿನವಹಿಯನ್ನು ಏರಿಸಿ ನೋಡಿದರೆ ನಿಜವಾದ ತಪ್ಪುಗಳು ಉಳಿಯುತ್ತವೆ.

ಆ ಪಟ್ಟಿಯನ್ನು ಓದುವುದರಲ್ಲಿಯೇ ಪರಿಣತಿ ಇರುವುದು. ಖಾಲಿ ಬ್ಲಾಕುಗಳ ಎಣಿಕೆ ತಪ್ಪಿದೆ ಎಂದಷ್ಟೇ ಇದ್ದರೆ ಗಾಬರಿ ಬೇಡ, ಫಲಕವನ್ನು ತಿದ್ದಿದರೆ ಮುಗಿಯಿತು. ಒಂದೇ ಬ್ಲಾಕಿಗೆ ಹಲವು ಒಡೆಯರು ಎಂದಿದ್ದರೆ ಕೈ ಹಿಂದೆಗೆದುಕೊಳ್ಳಿ. ಆ ಫೈಲುಗಳಲ್ಲಿ ಕನಿಷ್ಠ ಒಂದರ ಒಳಗಿನ ವಸ್ತು ಈಗಾಗಲೇ ಹಾಳಾಗಿರುತ್ತದೆ. ತಪ್ಪುಗಳ ಸಂಖ್ಯೆಗಿಂತ ಅವುಗಳ ಸಾಲು ಹೆಚ್ಚು ಹೇಳುತ್ತದೆ. ಎಕ್ಸ್ಟ್4ರಲ್ಲಿ ಒಂದು ಕಾರ್ಡಿಗೆ ಸಾಮಾನ್ಯವಾಗಿ 256 ಬೈಟುಗಳ ಜಾಗ. 4096 ಬೈಟುಗಳ ಒಂದು ಬ್ಲಾಕಿನಲ್ಲಿ 16 ಕಾರ್ಡುಗಳು ಹಿಡಿಯುತ್ತವೆ. ಸಾಲಾಗಿ ಹದಿನಾರು ಕಾರ್ಡುಗಳು ಕೆಟ್ಟು, ಹಿಂದಿನವೂ ಮುಂದಿನವೂ ಚೆನ್ನಾಗಿದ್ದರೆ, ಹದಿನಾರು ಬೇರೆ ಬೇರೆ ಅವಘಡಗಳು ನಡೆದಿಲ್ಲ. ಒಂದು ಹಾಳೆ ಹೋಗಿದೆ, ಅಷ್ಟೇ. ಫಲಕವೇ ಅಳಿಸಿ ಹೋಗಿದ್ದರೂ ದಾರಿಯಿದೆ. 1984ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ವಿವರಿಸಿದ ಫೈಲ್ ವ್ಯವಸ್ಥೆಯಲ್ಲಿ ಫಲಕದ ಪ್ರತಿಗಳನ್ನು ಡಿಸ್ಕಿನ ಉದ್ದಕ್ಕೂ ಹಲವೆಡೆ ಇಟ್ಟಿದ್ದರು. ಆ ಜಾಣತನ ಎಕ್ಸ್ಟ್4ಕ್ಕೂ ಬಂದಿದೆ. 4096 ಬೈಟುಗಳ ಬ್ಲಾಕುಗಳಿದ್ದರೆ ಮೊದಲ ಪ್ರತಿ ಸಾಮಾನ್ಯವಾಗಿ 32,768ನೆಯ ಬ್ಲಾಕಿನಲ್ಲಿ ಸಿಗುತ್ತದೆ.

ಇಷ್ಟಾದ ಮೇಲೆಯೇ ಸರಿಪಡಿಸು ಎಂದು ಹೇಳಬಹುದು. ಆಗಲೂ ಒಂದು ವಿಷಯ ನೆನಪಿರಲಿ. ಎಫ್‌ಎಸ್‌ಸಿಕೆ ಲೆಕ್ಕದ ಪರೀಕ್ಷಕ, ಅಡಿಕೆಯ ಪರೀಕ್ಷಕನಲ್ಲ. ಪುಸ್ತಕಗಳು ಒಂದಕ್ಕೊಂದು ತಾಳೆಯಾಗುವಂತೆ ಮಾಡುವುದೇ ಅದರ ಕೆಲಸ. ಅದಕ್ಕಾಗಿ ಅರ್ಥವಾಗದ ಕಾರ್ಡನ್ನು ಹರಿದುಹಾಕಲೂ ಅದು ಹಿಂಜರಿಯುವುದಿಲ್ಲ. ಗೋಣಿಯೊಳಗಿನ ಅಡಿಕೆಗೆ ಬೂಸ್ಟು ಹಿಡಿದಿದ್ದರೆ ಅದಕ್ಕೆ ತಿಳಿಯುವುದೂ ಇಲ್ಲ. ಎಲ್ಲವೂ ಸರಿಯಿದೆ ಎಂದು ಅದು ಹೇಳಿದ ಮೇಲೂ ಫೈಲುಗಳನ್ನು ತೆರೆದು, ಧ್ವನಿಯನ್ನು ಕೊನೆಯ ತನಕ ಕೇಳಿ ನೋಡಬೇಕು. 2005ರಲ್ಲಿ ಹೊರಬಂದ ಝಡ್‌ಎಫ್‌ಎಸ್, ಆಮೇಲೆ ಬಂದ ಬಿಟಿಆರ್‌ಎಫ್‌ಎಸ್ ಎಂಬ ವ್ಯವಸ್ಥೆಗಳು ಪ್ರತಿಯೊಂದು ಬ್ಲಾಕಿಗೂ ತೂಕ ಬರೆದಿಟ್ಟಂತೆ ಒಂದು ತಾಳೆಸಂಖ್ಯೆಯನ್ನು ಇಟ್ಟು ಈ ಕೊರತೆಯನ್ನು ನೀಗಿಸಿವೆ. ಎಕ್ಸ್ಟ್4 ತನ್ನ ಪುಸ್ತಕಗಳಿಗೆ ಮಾತ್ರ ಅಂಥ ಸಂಖ್ಯೆಯನ್ನು ಇಡುತ್ತದೆ.

ಪೆನ್ ಡ್ರೈವುಗಳಲ್ಲಿ ಹೆಚ್ಚಾಗಿ ಇರುವುದು ಫ್ಯಾಟ್ ಎಂಬ ಹಳೆಯ, ಸರಳ ವ್ಯವಸ್ಥೆ. ಅದರಲ್ಲಿ ದಿನವಹಿ ಇಲ್ಲ. ಬದಲಿಗೆ ಮುಖ್ಯ ಕೋಷ್ಟಕದ ಎರಡು ಪ್ರತಿಗಳಿರುತ್ತವೆ. ಎರಡೂ ಬೇರೆ ಬೇರೆಯಾಗಿದ್ದರೆ ಬರೆಯುವಾಗ ಮಧ್ಯದಲ್ಲಿಯೇ ಎಳೆದಿದ್ದಾರೆ ಎಂದು ತಿಳಿಯಬಹುದು. ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ, 'ಎಫ್' ಎಂದು ಸೇರಿಸದ ಹೊರತು, ನೋಡುತ್ತದೆಯೇ ಹೊರತು ತಿದ್ದುವುದಿಲ್ಲ.

ದುರಸ್ತಿಯ ನಂತರ ಎಕ್ಸ್ಟ್4 ಡಿಸ್ಕಿನಲ್ಲಿ 'ಲಾಸ್ಟ್ ಪ್ಲಸ್ ಫೌಂಡ್' ಎಂಬ ಫೋಲ್ಡರನ್ನು ತೆರೆದು ನೋಡಿ. ಕಳೆದುಹೋಗಿ ಸಿಕ್ಕಿದ್ದು ಎಂದು ಅದರ ಅರ್ಥ. ಕಾರ್ಡಿದ್ದೂ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ಫೈಲುಗಳನ್ನು ಎಫ್‌ಎಸ್‌ಸಿಕೆ ಇಲ್ಲಿ ತಂದಿಡುತ್ತದೆ. ಕಾರ್ಡಿನಲ್ಲಿ ಹೆಸರಿಲ್ಲವೆಂದು ಮೊದಲೇ ಹೇಳಿದೆವಲ್ಲ, ಹಾಗಾಗಿ ಇವುಗಳ ಹೆಸರು 131075 ಎಂಬಂಥ ಸಂಖ್ಯೆಗಳು ಮಾತ್ರ. ಕೆಲಸಕ್ಕೆ ಬಾರದ ಕಸವೆಂದು ಇವನ್ನು ಅಳಿಸಿಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಒಂದೊಂದರ ಮೊದಲ ಕೆಲವು ಬೈಟುಗಳನ್ನು ನೋಡಿದರೆ ಅದು ಯಾವ ಜಾತಿಯದ್ದೆಂದು ತಿಳಿಯುತ್ತದೆ. ಜೇಪೆಗ್ ಚಿತ್ರವಾಗಿದ್ದರೆ ಹದಿನಾರರ ಮಾನದಲ್ಲಿ ಎಫ್ಎಫ್, ಡಿ8 ಎಂದು ಆರಂಭವಾಗುತ್ತದೆ. ಪಿಡಿಎಫ್ ಆಗಿದ್ದರೆ ಶೇಕಡಾ ಚಿಹ್ನೆಯ ನಂತರ ಅದೇ ಮೂರು ಅಕ್ಷರಗಳು. ವೇವ್ ಧ್ವನಿ ಫೈಲಾಗಿದ್ದರೆ ಆರ್, ಐ, ಎಫ್, ಎಫ್. ಲಿಬ್ರೆ ಆಫೀಸಿನಲ್ಲಿ ನೀವು ಬರೆದ ಲೇಖನ ನಿಜದಲ್ಲಿ ಒಂದು ಜಿಪ್ ಪೊಟ್ಟಣ. ಅದರ ಮೊದಲ ಎರಡು ಅಕ್ಷರ ಪಿ ಮತ್ತು ಕೆ, ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಸ್ ಅವರ ಹೆಸರಿನ ಮೊದಲಕ್ಷರಗಳು. ಇದನ್ನೆಲ್ಲ ನೋಡಿ ಹೇಳಲು ಲಿನಕ್ಸ್‌ನಲ್ಲಿ 'ಫೈಲ್' ಎಂಬ ಹೆಸರಿನದೇ ಒಂದು ಆಜ್ಞೆಯಿದೆ. ಅದು ಹೇಳಿದಂತೆ ವಿಂಗಡಿಸಿ, ಒಂದೊಂದನ್ನೇ ತೆರೆದು, ಗುರುತು ಸಿಕ್ಕಿದವುಗಳಿಗೆ ಹೆಸರನ್ನು ನೀವೇ ಮತ್ತೆ ಬರೆಯಬೇಕು.